ಅಜ್ಜಿಗೆ ಹೇಳದ ಸುದ್ದಿ

ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿ ಊರಿಗೆ ಹೋಗುವ ನಿಮಗೆ ಮುಲ್ಕಿ ಸ್ಟೇಷನ್ ಗೊತ್ತು. ಮನೆ ತಲುಪಿದ ಕೂಡಲೇ ಅಜ್ಜಿ ಹೇಳುವ ಮಾತೂ ಗೊತ್ತು: "ಕಡಲಿಗೆ ಇಳೀಬೇಡಿ ಮಕ್ಕಳೇ!"

ಅದೇ ಮುಲ್ಕಿಯಲ್ಲಿ ಕಲಿತ ತನ್ವಿ ಜಗದೀಶ್ 2016ರಲ್ಲಿ ಫಿಜಿಯ ವಿಶ್ವ ಸ್ಪರ್ಧೆಗೆ ಭಾರತದ ಪರವಾಗಿ ಹೋದರು. ಆಟದ ಹೆಸರು ಸ್ಟ್ಯಾಂಡ್ ಅಪ್ ಪ್ಯಾಡಲಿಂಗ್. ಉದ್ದನೆಯ ಹಲಗೆಯ ಮೇಲೆ ನಿಂತು, ಒಂದೇ ಹುಟ್ಟಿನಿಂದ ನೀರು ತಳ್ಳುತ್ತ ಸಾಗಬೇಕು. ನಮ್ಮ ದೋಣಿಯವರ ಹಾಗೇ ಅನ್ನಿ, ಕೂರಲು ಮಾತ್ರ ಜಾಗವಿಲ್ಲ! ದೂರದ ರೇಸಿಗೆ ದಮ್ಮು ಬೇಕು. ಟೆಕ್ನಿಕಲ್ ರೇಸಿನಲ್ಲಿ ಅಲೆಗಳನ್ನು ದಾಟಿ, ತೇಲುಬುರುಡೆ ಸುತ್ತಿ ಬರಬೇಕು; ಬಿದ್ದವರು ಎದ್ದು ನಿಲ್ಲುವಷ್ಟರಲ್ಲಿ ಹಿಂದಿನವರು ಮುಂದೆ.

ಟಿವಿಯಲ್ಲಿ ಕಾಣುವ ಪೋರ್ಚುಗಲ್‌ನ ನಜಾರೆ ಬೇರೆಯೇ ಲೋಕ. ಕಡಲಡಿಯ ಆಳವಾದ ಕಣಿವೆ ಅಲ್ಲಿ ಅಲೆಯನ್ನು ಎತ್ತಿ ನಿಲ್ಲಿಸುತ್ತದೆ. 2020ರಲ್ಲಿ ಸೆಬಾಸ್ಟಿಯನ್ ಸ್ಟ್ಯೂಡ್ನರ್ ಸವಾರಿ ಮಾಡಿದ ಅಲೆ 86 ಅಡಿ! ನಮ್ಮ ಸಸಿಹಿತ್ಲಿನಲ್ಲಿ ಅಂಥದ್ದಿಲ್ಲ. ಹೊಸಬರಿಗೆ ಶಾಂಭವಿ ಹೊಳೆಯ ಶಾಂತ ನೀರೇ ಸಾಕು.

ಮಳೆಗಾಲದ ಕಡಲನ್ನು ಕಂಡ ಅಜ್ಜಿಯ ಮಾತು ಸುಳ್ಳಲ್ಲ. ಆದರೆ ಆ ಮಾತು ಕೇಳಿಯೇ ಬೆಳೆದ ನನಗೆ, ಮೂವತ್ತೈದಾದರೂ ಈಜು ಬರದು. ಹಾಗಾಗಿ ಡೊಂಬಿವಲಿಯ ಅಕ್ಕನ ಮಗಳ ಜೊತೆ ನಾನೂ ಈಜು ಕ್ಲಾಸಿಗೆ ಹೆಸರು ಬರೆಸಿದ್ದೇನೆ. ಡಿಸೆಂಬರ್ ರಜೆಗೆ ಮುಲ್ಕಿ ಟಿಕೆಟ್ಟೂ ಆಗಿದೆ. ಅಜ್ಜಿಗಿನ್ನೂ ಹೇಳಿಲ್ಲ.