ಗಾಳಿಗೆ ಬೆನ್ನು ತಿರುಗಿಸುವ ಟೋಪಿ
(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ನಾಲ್ಕು ಮಾತಾಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ ನಾವು ನಮ್ಮ ವಿಷಯ ತಿಳಿಸಿದೆವು. ಅವರು ಒಂದು ಕ್ಷಣ ಸುಮ್ಮನಿದ್ದು, "ಬಿಯರಿನ ವಿಷಯವೇ? ಅದೂ ಹೋಳಿಗೆ ಊಟದ ದಿನ?" ಎಂದರು. ಯಾರೂ ಗಾಬರಿಯಾಗಬೇಡಿ. ನಾವು ಹೇಳಹೊರಟಿರುವುದು ಕುಡಿಯುವುದನ್ನಲ್ಲ, ಒಣಗಿಸುವುದನ್ನು. ಅದು ನಮಗೇನು ಹೊಸದೇ? ಮಹಡಿಯ ಮೇಲೆ ಹಪ್ಪಳ ಸಂಡಿಗೆ ಹರಡಿ, ಕಾಗೆ ಓಡಿಸಲು ಕೋಲು ಹಿಡಿದು ಕೂತ ಬಾಲ್ಯ ನಮ್ಮಲ್ಲಿ ಬಹಳ ಮಂದಿಗೆ ಇದೆ. ಬಿಸಿಲಿನ ನಾಡಿನವರು ಬಿಸಿಲನ್ನೇ ನಂಬುತ್ತೇವೆ. ಬಿಸಿಲಿಲ್ಲದ ಈ ನಾಡಿನವರು ಏನು ಮಾಡಿದರು? ಮನೆಯನ್ನೇ ಒಲೆಯನ್ನಾಗಿ ಕಟ್ಟಿದರು.

ನಮ್ಮ ಸಂಘದ ಬಸ್ಸು ಕೆಂಟ್ ಪ್ರಾಂತ್ಯಕ್ಕೆ ಹೋದ ಪ್ರವಾಸ ತಮ್ಮಲ್ಲಿ ಹಲವರಿಗೆ ನೆನಪಿರಬಹುದು. ರಸ್ತೆಯ ಆಚೀಚೆ ಇಟ್ಟಿಗೆಯ ದುಂಡು ಗೋಪುರಗಳು, ಅವುಗಳ ಮೇಲೆ ಗಾಣದ ಲಾಳಿಕೆ ಕವುಚಿದಂಥ ಕೆಂಪು ಹೆಂಚಿನ ಮಾಡು, ತುದಿಯಲ್ಲಿ ಓರೆಯಾಗಿ ಕೂತ ಬಿಳಿಯ ಮರದ ಟೋಪಿ. ಮಕ್ಕಳು "ಮಾಟಗಾತಿಯ ಮನೆ" ಎಂದು ಕೂಗಿದರು. ಸಕಲೇಶಪುರದ ಕಡೆಯಿಂದ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ಮಾತ್ರ ಒಳಗೆ ಹೋಗಿ, ಕೆಳಗಿನ ಒಲೆ ನೋಡಿದರು, ಮೇಲಿನ ಸಂದುಸಂದಾದ ಅಟ್ಟ ನೋಡಿದರು. "ಇದು ನಮ್ಮ ಏಲಕ್ಕಿ ಒಣಗಿಸುವ ಮನೆಯ ಅಣ್ಣನಲ್ಲವೇ!" ಎಂದರು. ಅವರು ಹೇಳಿದ್ದು ಸರಿ. ಕೆಳಗೆ ಬೆಂಕಿ, ಮೇಲೆ ಫಸಲು, ಬಣ್ಣ ಕೆಡಬಾರದು, ಹೊಗೆಯ ವಾಸನೆ ತಾಗಬಾರದು.

ಇಂಗ್ಲಿಷರು ಇದನ್ನು ಓಸ್ಟ್ ಹೌಸ್ ಎನ್ನುತ್ತಾರೆ. ಒಣಗುತ್ತಿದ್ದದ್ದು ಹಾಪ್ಸ್ ಎಂಬ ಬಳ್ಳಿಯ ಹಸಿರು ಹೂ. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಟ್ಟು, ಬೇಗ ಹುಳಿಯಾಗದಂತೆ ಕಾಯುವುದು ಅದೇ. ಹಾಪ್ಸ್ ಬೇಸಾಯ ಫ್ಲಾಂಡರ್ಸ್ ಸೀಮೆಯಿಂದ ಇಲ್ಲಿಗೆ ಬಂದದ್ದು ೧೬ನೆಯ ಶತಮಾನದಲ್ಲಿ. ಅಂದರೆ ಕೆಂಟಿನ ಹೆಮ್ಮೆಯ ಈ ಬೆಳೆಯೂ ನಮ್ಮ ಹಾಗೆ ಕಡಲು ದಾಟಿ ಬಂದದ್ದೇ! ೧೫೭೪ರಲ್ಲಿ ಕೆಂಟಿನವನೇ ಆದ ರೆಜಿನಾಲ್ಡ್ ಸ್ಕಾಟ್ ಎಂಬಾತ ಹಾಪ್ಸ್ ಬೇಸಾಯದ ಬಗ್ಗೆ ಇಂಗ್ಲಿಷಿನಲ್ಲಿ ಮೊದಲ ಪುಸ್ತಕ ಬರೆದ. ಅದರಲ್ಲಿ ಅವನು ವರ್ಣಿಸಿದ ಒಣಗಿಸುವ ಮನೆ ಸುಮಾರು ೧೮ ಅಡಿ ಉದ್ದ. ನಡುವೆ ಒಲೆ, ಮೇಲೆ ಸಂದು ಬಿಟ್ಟು ಹಾಸಿದ ಹಲಗೆ.

ಆ ಮೇಲೆ ಮನೆ ಬೆಳೆಯಿತು. ಮೊದಲು ಹಳೆಯ ಕಣಜಗಳೊಳಗೇ ಒಲೆ ಹೂಡಿದರು. ೧೯ನೆಯ ಶತಮಾನದ ಮೊದಲ ದಶಕಗಳಲ್ಲಿ ದುಂಡು ಗೋಪುರಗಳು ಎದ್ದವು. ಮೂಲೆಗಳಿಲ್ಲದಿದ್ದರೆ ಶಾಖ ಎಲ್ಲೆಡೆ ಸಮನಾಗಿ ಹರಡುತ್ತದೆಂಬ ನಂಬಿಕೆ. ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲವೆಂದು ತಿಳಿದ ಮೇಲೆ, ಕಟ್ಟಲು ಸುಲಭವಾದ ಚೌಕ ಗೂಡುಗಳೇ ಮತ್ತೆ ಬಂದವು.

ತುದಿಯ ಬಿಳಿ ಟೋಪಿ ಅಲಂಕಾರಕ್ಕಲ್ಲ. ಅದಕ್ಕೊಂದು ಬಾಯಿ, ಹಿಂದಕ್ಕೊಂದು ಪಟ್ಟಿ. ಗಾಳಿ ಯಾವ ಕಡೆಯಿಂದ ಬೀಸಿದರೂ ಟೋಪಿ ತಿರುಗಿ ಅದಕ್ಕೆ ಬೆನ್ನು ಕೊಡುತ್ತದೆ. ಮಳೆ ಒಳಗೆ ಬೀಳುವುದಿಲ್ಲ, ಒಳಗಿನ ಹಬೆ ಹೊರಗೆ ಸೆಳೆದು ಹೋಗುತ್ತದೆ.

ಕೊಯ್ದ ಹಾಪ್ಸ್ ಹೂವಿನ ತೂಕದಲ್ಲಿ ಸುಮಾರು ನೂರಕ್ಕೆ ೮೦ ಪಾಲು ನೀರು. ರಾಶಿ ಹಾಕಿಟ್ಟರೆ ಕೆಲವೇ ಗಂಟೆಗಳಲ್ಲಿ ಬಿಸಿಯಾಗಿ ಕೆಡುತ್ತದೆ. ಆದ್ದರಿಂದ ಕೊಯ್ದ ದಿನವೇ ಅಟ್ಟಕ್ಕೇರಬೇಕು. ಕುದುರೆ ಕೂದಲಿನಿಂದ ನೇಯ್ದ ಬಟ್ಟೆಯ ಮೇಲೆ ಹರಡಿ, ಕೆಳಗೆ ಹೊಗೆಯಿಲ್ಲದ ಇದ್ದಿಲನ್ನೋ ಆಂತ್ರಸೈಟ್ ಕಲ್ಲಿದ್ದಲನ್ನೋ ಉರಿಸಿ, ಸುಮಾರು ೬೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತು ಗಂಟೆಯಷ್ಟು ಕಾಲ ಒಣಗಿಸುತ್ತಿದ್ದರು. ಬಣ್ಣ ಚೆನ್ನಾಗಿರಲೆಂದು ಚೂರು ಗಂಧಕವನ್ನೂ ಬೆಂಕಿಗೆ ಹಾಕುತ್ತಿದ್ದರು. ಕಡಮೆ ಒಣಗಿದರೆ ಬೂಷ್ಟು, ಹೆಚ್ಚಾದರೆ ಪುಡಿಪುಡಿ. ಹದ ಗೊತ್ತಿದ್ದದ್ದು ಒಣಗಿಸುವವನ ಮೂಗಿಗೆ ಮತ್ತು ಬೆರಳಿಗೆ. ಸುಗ್ಗಿ ಮುಗಿಯುವವರೆಗೆ ಅವನ ಊಟ ನಿದ್ದೆ ಅಲ್ಲೇ, ಒಲೆಯ ಪಕ್ಕದಲ್ಲೇ. ಆಮೇಲೆ ಹೂ ಆರಲು ಬಿಟ್ಟು, ಉದ್ದನೆಯ ಗೋಣಿಚೀಲಕ್ಕೆ ಒತ್ತಿ ತುಂಬಿ ಹೊಲಿಯುತ್ತಿದ್ದರು.

ಕೊಯ್ಯುತ್ತಿದ್ದವರು ಯಾರು? ಪೂರ್ವ ಲಂಡನ್ನಿನ ಬಡ ಕುಟುಂಬಗಳು. ಸೆಪ್ಟೆಂಬರ್ ಬಂತೆಂದರೆ ತಾಯಂದಿರು ಮಕ್ಕಳನ್ನು, ಪಾತ್ರೆ ಪಡಗವನ್ನು ಕಟ್ಟಿಕೊಂಡು ವಿಶೇಷ ರೈಲು ಹತ್ತುತ್ತಿದ್ದರು. ನಮ್ಮ ಭಾರತದ ಮೋತಿಹಾರಿಯಲ್ಲಿ ಹುಟ್ಟಿದ ಲೇಖಕ ಜಾರ್ಜ್ ಆರ್ವೆಲ್ ಕೂಡ ೧೯೩೧ರಲ್ಲಿ ಅವರ ಜೊತೆ ಸೇರಿ ಕೊಯ್ದು, ಆ ಅನುಭವ ಬರೆದಿದ್ದಾನೆ.

ಬಿಯರಿನ ಇನ್ನೊಂದು ಅರ್ಧ ಮಾಲ್ಟ್. ಬಾರ್ಲಿಯನ್ನು ನೆನೆಸಿ, ನೆಲದ ಮೇಲೆ ಹರಡಿ, ಮೊಳಕೆ ಬರಿಸಿ, ಮೊಳಕೆ ಗಿಡವಾಗುವ ಮೊದಲೇ ಗೂಡಿನ ಶಾಖದಲ್ಲಿ ಅದನ್ನು ತಡೆಯುತ್ತಾರೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಕೂಸಿಗೆ ಸರಿ ಮಾಡಿದ ನಮ್ಮ ಅಜ್ಜಿಯರಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಇಲ್ಲಿ ಕಟ್ಟಿಗೆ ಉರಿಸಿ ಒಣಗಿಸಿದ ಮಾಲ್ಟಿಗೆ ಹೊಗೆಯ ರುಚಿ, ಕಂದು ಬಣ್ಣ. ೧೭ನೆಯ ಶತಮಾನದಲ್ಲಿ ಡರ್ಬಿಶೈರಿನಲ್ಲಿ ಕೋಕ್ ಉರಿಸತೊಡಗಿದ ಮೇಲೆ ತಿಳಿ ಬಣ್ಣದ ಮಾಲ್ಟ್ ಬಂತು, ಅದರಿಂದ ತಿಳಿ ಬಿಯರ್ ಬಂತು. ಅದಕ್ಕೆ ಹಾಪ್ಸ್ ಧಾರಾಳವಾಗಿ ಹಾಕಿ, ಕಂಪನಿ ಸರಕಾರದ ಕಾಲದಲ್ಲಿ ಹಡಗು ಹತ್ತಿಸಿ ಭಾರತಕ್ಕೆ ಕಳಿಸಿದರು. ಇಂಡಿಯಾ ಪೇಲ್ ಏಲ್ ಎಂಬ ಹೆಸರು ಉಳಿದದ್ದು ಹಾಗೆ. "ನಾವು ಅದನ್ನು ಮುಟ್ಟಿದವರೇ ಅಲ್ಲ" ಎನ್ನುವವರಿಗೆ ಒಂದು ಮಾತು: ತಾವು ಪರೀಕ್ಷೆಯ ರಾತ್ರಿಗಳಲ್ಲಿ ಕುಡಿದ ಹಾರ್ಲಿಕ್ಸ್ ಕೂಡ ಬಾರ್ಲಿ ಮಾಲ್ಟೇ! ೧೯೦೮ರಲ್ಲಿ ಅದರ ಕಾರ್ಖಾನೆ ಎದ್ದದ್ದು ಇಲ್ಲೇ, ಸ್ಲೌ ಊರಿನಲ್ಲಿ.

ಇಷ್ಟು ಕಥೆ ಹೇಳಿದ್ದಕ್ಕೆ ಕಾರಣವಿದೆ. ೧೮೭೮ರಲ್ಲಿ ಇಂಗ್ಲೆಂಡಿನ ಹಾಪ್ಸ್ ತೋಟ ೭೦,೦೦೦ ಎಕರೆಗೂ ಮಿಕ್ಕಿತ್ತು. ಆಮೇಲೆ ಹೊರದೇಶದ ಹಾಪ್ಸ್ ಬಂತು, ಜನರ ರುಚಿ ಬದಲಾಯಿತು, ೧೯೫೦-೬೦ರ ದಶಕಗಳಲ್ಲಿ ಕೊಯ್ಯುವ ಯಂತ್ರವೂ ದೊಡ್ಡ ಒಣಗಿಸುವ ಯಂತ್ರವೂ ಬಂದವು. ಈಗ ಆ ತೋಟದಲ್ಲಿ ಬಹಳ ಸಣ್ಣ ಪಾಲು ಮಾತ್ರ ಉಳಿದಿದೆ. ಗೂಡುಗಳೆಲ್ಲ ಬೆಲೆಬಾಳುವ ಮನೆಗಳಾದವು. ಟನ್‌ಬ್ರಿಜ್ ಊರಿನಲ್ಲಿ ಒಂದು ನಾಟಕಶಾಲೆಯೂ ಆಗಿದೆ. ಹೊರಗಿನಿಂದ ಎಲ್ಲವೂ ಚೆನ್ನ. ಆದರೆ ಅಂಥ ಎಷ್ಟೋ ಮನೆಗಳ ಮೇಲೆ ಟೋಪಿ ತಿರುಗುವುದಿಲ್ಲ. ಮೊಳೆ ಹೊಡೆದು ನಿಲ್ಲಿಸಿದ್ದಾರೆ, ನೋಟಕ್ಕೆ.

ಆ ದಿನ ಆ ಹಿರಿಯರು ಬಸ್ಸು ಹತ್ತುವಾಗ ಕೇಳಿದ ಪ್ರಶ್ನೆ ನಮ್ಮನ್ನು ಇಂದಿಗೂ ಬಿಟ್ಟಿಲ್ಲ. "ನಿಮ್ಮ ಸಂಘದ ಟೋಪಿ ತಿರುಗುತ್ತದೆಯೇನಪ್ಪಾ?" ಎಂದರು. ರಾಜ್ಯೋತ್ಸವಕ್ಕೆ ನಾವು ಸಭಾಂಗಣ ತುಂಬುತ್ತೇವೆ, ಬಾವುಟ ಹಾರಿಸುತ್ತೇವೆ. ಆದರೆ ಶನಿವಾರದ ಕನ್ನಡ ತರಗತಿಯಲ್ಲಿ ಒಮ್ಮೆ ಇಪ್ಪತ್ತೆರಡು ಮಕ್ಕಳಿದ್ದರು, ಈ ವರ್ಷ ಐವರು. ಕಲಿಸುವವರು ಒಬ್ಬರೇ. ಅವರಿಗೂ ಬರುವ ಬೇಸಿಗೆಯಲ್ಲಿ ಬೇರೆ ಊರಿಗೆ ವರ್ಗ. ಹಸಿ ಹೂವಿನಂತೆ ಮನೆಮಾತಿಗೂ ಸಮಯ ಕಡಮೆ. ಮಗು ಆರೇಳು ವರ್ಷದಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡಲು ಶುರುಮಾಡಿದರೆ, "ಆಮೇಲೆ ನೋಡೋಣ" ಎಂದವರಿಗೆ ಆಮೇಲೆ ಎಂಬುದು ಸಿಗುವುದು ಕಷ್ಟ. ತಪ್ಪು ಯಾರದೆಂದು ನಾವು ಹೇಳುತ್ತಿಲ್ಲ. ನಮ್ಮ ಮನೆಯ ಮಗನೇ ಅಜ್ಜಿಯ ಜೊತೆ ಫೋನಿನಲ್ಲಿ "ಊಟ ಆಯ್ತಾ" ಎಂಬಲ್ಲಿಗೆ ನಿಲ್ಲುತ್ತಾನೆ.

ಒಣಗಿಸುವವನು ಸುಗ್ಗಿಯುದ್ದಕ್ಕೂ ಒಲೆಯ ಪಕ್ಕದಲ್ಲೇ ಮಲಗುತ್ತಿದ್ದ. ನಾವು ತಮ್ಮನ್ನು ಅಷ್ಟು ಕೇಳುತ್ತಿಲ್ಲ. ಶನಿವಾರ ಎರಡು ಗಂಟೆ, ಸರದಿಯಲ್ಲಿ. ಹೊರಬಾಗಿಲ ಮೇಜಿನ ಮೇಲೆ ಒಂದು ಹಾಳೆ ಇಟ್ಟಿದ್ದೇವೆ. ಮೊದಲ ಹೆಸರು ನಮ್ಮದೇ ಇದೆ. ಹೋಳಿಗೆ ತಿಂದು ಕೈ ತೊಳೆದ ಮೇಲೆ ದಯವಿಟ್ಟು ಆ ಕಡೆ ಹೆಜ್ಜೆ ಹಾಕಿ.