ಆಯುಷ್ಯದ ಅಂದಾಜು: ಚರ್ಮದ ಕ್ಯಾನ್ಸರ್ ಮತ್ತು ಜೀನುಗಳ ಗುರುತು

(ಕಮಲಾಪುರದಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಎದುರು ಮಾಡಿದ ಭಾಷಣದ ಬರಹ ರೂಪ)



ನಾನು ಡಾಕ್ಟರ್ ಅಲ್ಲ. ಕಲಬುರಗಿಯಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಆದರೂ ಕ್ಯಾನ್ಸರ್ ಬಗ್ಗೆ ಮಾತಾಡಲು ಒಪ್ಪಿದ್ದಕ್ಕೆ ಕಾರಣ ಇದೇ ಕಮಲಾಪುರದಲ್ಲಿದೆ. ನನ್ನ ಮಾಮು, ಅಂದರೆ ತಾಯಿಯ ಅಣ್ಣ, ಇಲ್ಲಿ ಕೆಂಪು ಬಾಳೆ ಬೆಳೆಯುತ್ತಿದ್ದರು. 2005ರಲ್ಲಿ ಅವರ ಎಡಗಾಲಿನ ಹಿಮ್ಮಡಿಯಲ್ಲಿ ಒಂದು ಕರಿ ಮಚ್ಚೆ ಕಾಣಿಸಿತು. ಮುಳ್ಳು ಚುಚ್ಚಿ ರಕ್ತ ಕಟ್ಟಿದೆ ಎಂದುಕೊಂಡು ಮುಲಾಮು ಹಚ್ಚಿದರು. ನೋವಿರಲಿಲ್ಲ, ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಮಚ್ಚೆ ಹುಣ್ಣಾಯಿತು, ತೊಡೆಸಂದಿನಲ್ಲಿ ಗಂಟು ಬಂತು. ಆಗ ಕಲಬುರಗಿಗೆ ಕರೆತಂದೆವು. ಹುಣ್ಣಿನ ಚೂರು ತೆಗೆದು ಪರೀಕ್ಷಿಸಿದಾಗ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಎಂದು ಗೊತ್ತಾಯಿತು. ಅದಾಗಲೇ ಶ್ವಾಸಕೋಶಕ್ಕೂ ಹರಡಿತ್ತು.

ಮಾಮು ಕೇಳಿದ್ದು ಒಂದೇ ಮಾತು: “ಸಾಹೇಬ್ರೇ, ಇನ್ನೆಷ್ಟು ದಿನ?”

ಡಾಕ್ಟರ್ ಹೇಳಿದರು: “ನಿಮ್ಮಂಥ ನೂರು ಮಂದಿ ಬಂದರೆ ಎಷ್ಟು ಜನ ಉಳೀತಾರೆ ಅಂತ ಹೇಳಬಲ್ಲೆ. ಅವರಲ್ಲಿ ನೀವು ಯಾರು ಅಂತ ಹೇಳಲಾರೆ.”

ಮನೆಯ ಹಿರಿಯರು, “ಆಯುಷ್ಯ ಅಲ್ಲಾಹನ ಕೈಯಲ್ಲಿದೆ, ಇವರೇನು ಲೆಕ್ಕ ಹಾಕ್ತಾರೆ” ಎಂದು ಬೇಸರ ಮಾಡಿಕೊಂಡರು. ಮಾಮು ಮರುವರ್ಷ ತೀರಿಕೊಂಡರು. ಆ ಲೆಕ್ಕ ಎಂಥದು, ಅದರಿಂದ ಯಾರಿಗೆ ಉಪಯೋಗ ಎಂಬುದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ತಿಳಿದದ್ದನ್ನು ನಿಮಗೆ ಹೇಳುತ್ತೇನೆ.

ಮೊದಲ ಲೆಕ್ಕ: ದಪ್ಪ ಎಷ್ಟು?

ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳು ಹದ್ದು ಮೀರಿ ಬೆಳೆದರೆ ಮೆಲನೋಮ. ಚರ್ಮದ ಕ್ಯಾನ್ಸರುಗಳಲ್ಲಿ ಇದು ಕಡಿಮೆ ಜನರಿಗೆ ಬರುತ್ತದೆ, ಆದರೆ ಬೇಗ ಹರಡುತ್ತದೆ. ಇದರಲ್ಲಿ ರೋಗಿ ಉಳಿಯುವ ಸಾಧ್ಯತೆಯನ್ನು ಅಂದಾಜು ಮಾಡಲು ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ವೈದ್ಯ 1970ರಲ್ಲಿ ಒಂದು ಸರಳ ದಾರಿ ತೋರಿಸಿದರು. ಗಡ್ಡೆ ಚರ್ಮದೊಳಗೆ ಎಷ್ಟು ಮಿಲಿಮೀಟರ್ ಇಳಿದಿದೆ ಎಂದು ಸೂಕ್ಷ್ಮದರ್ಶಕದಲ್ಲಿ ಅಳೆಯುವುದೇ ಆ ದಾರಿ. ಇಂದಿಗೂ ಅದೇ ಮುಖ್ಯ ಅಳತೆ. ಗಡ್ಡೆ 0.8 ಮಿಲಿಮೀಟರಿಗಿಂತ ತೆಳ್ಳಗಿದ್ದು ಹುಣ್ಣಾಗಿರದಿದ್ದರೆ, 10 ವರ್ಷದ ನಂತರವೂ 100ರಲ್ಲಿ 98 ಮಂದಿ ಈ ರೋಗಕ್ಕೆ ಬಲಿಯಾಗದೆ ಉಳಿದಿರುತ್ತಾರೆ. 4 ಮಿಲಿಮೀಟರ್ ದಾಟಿ ಹುಣ್ಣಾಗಿದ್ದರೆ, ಬೇರೆ ಕಡೆ ಹರಡಿರದಿದ್ದರೂ, ಆ ಸಂಖ್ಯೆ 75ಕ್ಕೆ ಇಳಿಯುತ್ತದೆ. ಹರಡಿದರೆ ಇನ್ನೂ ಕಡಿಮೆ. ಮೂರು ಮಿಲಿಮೀಟರಿನ ಅಂತರ ಎಂದರೆ ನಾವು ಆಸ್ಪತ್ರೆಗೆ ಹೋಗಲು ತಡ ಮಾಡಿದ ತಿಂಗಳುಗಳು.

ಎರಡನೆಯ ಲೆಕ್ಕ: ಜೀನುಗಳು ಏನು ಹೇಳುತ್ತವೆ?

ಒಂದೇ ದಪ್ಪದ ಗಡ್ಡೆ ಇದ್ದ ಇಬ್ಬರಲ್ಲಿ ಒಬ್ಬರು ಗುಣವಾಗುತ್ತಾರೆ, ಇನ್ನೊಬ್ಬರಿಗೆ ರೋಗ ಮರಳುತ್ತದೆ. ಇದು ಏಕೆ? ಉತ್ತರ ಹುಡುಕುತ್ತ ವಿಜ್ಞಾನಿಗಳು ಜೀನುಗಳ ಕಡೆ ಹೊರಳಿದರು. ಜೀನುಗಳಲ್ಲಿ ಕಾಣುವ ಇಂಥ ಗುರುತುಗಳು ಮೂರು ಬಗೆಯವು.

ಒಂದು, ತಂದೆತಾಯಿಯಿಂದ ಬರುವಂಥದು. ಸಿಡಿಕೆಎನ್2ಎ ಎಂಬ ಜೀನಿನಲ್ಲಿ ದೋಷವಿರುವ ಕುಟುಂಬಗಳಲ್ಲಿ ಹಲವರಿಗೆ ಮೆಲನೋಮ ಬರುವುದುಂಟು. ಎರಡು, ಹುಟ್ಟಿನಿಂದ ಇರದೆ ಗಡ್ಡೆಯ ಒಳಗೆ ಮಾತ್ರ ಉಂಟಾದ ಬದಲಾವಣೆ. ಮೂರು, ಗಡ್ಡೆಯಲ್ಲಿ ಯಾವ ಜೀನು ಎಷ್ಟು ಚುರುಕಾಗಿ ಕೆಲಸ ಮಾಡುತ್ತಿದೆ ಎಂಬ ಅಳತೆ. ಅಮೆರಿಕದಲ್ಲಿ 31 ಜೀನುಗಳನ್ನು ಒಟ್ಟಿಗೆ ಅಳೆದು ರೋಗ ಮರಳುವ ಸಾಧ್ಯತೆ ಹೇಳುವ ಪರೀಕ್ಷೆಯೇ ಇದೆ. ಆದರೆ ಅದೊಂದನ್ನೇ ನಂಬಿ ಚಿಕಿತ್ಸೆ ತೀರ್ಮಾನಿಸುವ ಹಂತಕ್ಕೆ ವೈದ್ಯರು ಬಂದಿಲ್ಲ. ದಪ್ಪ, ಹುಣ್ಣು, ಗಂಟು ಇವುಗಳ ಜೊತೆಗೆ ಇಟ್ಟು ನೋಡಬೇಕು.

ಎರಡನೆಯ ಬಗೆಯ ಒಂದು ಗುರುತಿನ ಕಥೆಯನ್ನು ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. 2002ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ತಂಡ ಬಿರಾಫ್ ಎಂಬ ಜೀನಿನಲ್ಲಿ ಒಂದು ಬದಲಾವಣೆ ಕಂಡುಹಿಡಿಯಿತು. ಆ ಜೀನು ತಯಾರಿಸುವ ಪ್ರೋಟೀನಿನ 600ನೆಯ ಸ್ಥಾನದಲ್ಲಿ ಒಂದು ಅಮೈನೋ ಆಮ್ಲದ ಬದಲು ಇನ್ನೊಂದು ಬಂದು ಕುಳಿತಿರುತ್ತದೆ. ಅಷ್ಟರಿಂದಲೇ ಜೀವಕೋಶಕ್ಕೆ ‘ಬೆಳೆ, ಬೆಳೆ’ ಎಂಬ ಆದೇಶ ನಿಲ್ಲದೆ ಹೋಗುತ್ತದೆ. ಬಿಳಿಯರ ಮೆಲನೋಮಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದು ಸಿಗುತ್ತದೆ. ಹರಡಿದ ರೋಗದಲ್ಲಿ ಇದು ಕೆಟ್ಟ ಗುರುತಾಗಿತ್ತು. ಇದಿದ್ದವರು ಇತರರಿಗಿಂತ ಬೇಗ ತೀರಿಕೊಳ್ಳುತ್ತಿದ್ದರೆಂದು ಆಸ್ಟ್ರೇಲಿಯದ ವೈದ್ಯರು 2011ರಲ್ಲಿ ವರದಿ ಮಾಡಿದರು. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ಈ ಬದಲಾವಣೆಯನ್ನೇ ಗುರಿಯಾಗಿಸಿಕೊಂಡ ಹೊಸ ಔಷಧಿ ಪಡೆದವರು ಎಲ್ಲರಿಗಿಂತ ಹೆಚ್ಚು ಕಾಲ ಬದುಕಿದ್ದರು! ಅಂಥ ಮೊದಲ ಔಷಧಿ ವೆಮುರಾಫೆನಿಬ್‌ಗೆ ಅದೇ ವರ್ಷ ಅಮೆರಿಕದಲ್ಲಿ ಅನುಮತಿ ದೊರೆಯಿತು. ನಿನ್ನೆ ಸಾವಿನ ಗುರುತಾಗಿದ್ದು ಇಂದು ಔಷಧಿ ಆರಿಸುವ ಗುರುತಾಯಿತು.

ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ಔಷಧಿಗಳೂ ಬಂದವು. ಇದಕ್ಕೆ ದಾರಿ ಮಾಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಮಾಮು ಕಾಲದಲ್ಲಿ ಹರಡಿದ ಮೆಲನೋಮ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದು ವರ್ಷವನ್ನೂ ಕಾಣುತ್ತಿರಲಿಲ್ಲ. ಇಂಥ ಎರಡು ಔಷಧಿಗಳನ್ನು ಒಟ್ಟಿಗೆ ಪಡೆದವರಲ್ಲಿ 100ಕ್ಕೆ 43 ಮಂದಿ 10 ವರ್ಷದ ನಂತರವೂ ಬದುಕಿದ್ದಾರೆಂದು 2024ರಲ್ಲಿ ಪ್ರಕಟವಾಯಿತು. ಖರ್ಚು ಲಕ್ಷಗಟ್ಟಲೆ ಎಂಬುದನ್ನೂ ಮುಚ್ಚಿಡಬಾರದು.

ಈ ಲೆಕ್ಕ ನಮಗೆ ಒಪ್ಪುತ್ತದೆಯೇ?

ಇಲ್ಲಿ ಒಂದು ತೊಡಕಿದೆ. ನಾನು ಹೇಳಿದ ಅಂಕಿಗಳು ಬಹುಪಾಲು ಯುರೋಪ್, ಅಮೆರಿಕ, ಆಸ್ಟ್ರೇಲಿಯದ ಬಿಳಿಯರಿಂದ ಬಂದವು. ಅವರಿಗೆ ಮೆಲನೋಮ ಬಿಸಿಲು ಬೀಳುವ ಚರ್ಮದಲ್ಲಿ ಹೆಚ್ಚು. ನಮ್ಮಂಥ ಕಂದು ಚರ್ಮದವರಿಗೆ ಈ ರೋಗವೇ ಅಪರೂಪ, ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ. ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಿನಲ್ಲಿ ಬಂದದ್ದು ಇದೇ. ಫುಟ್‌ಬಾಲ್ ಆಡುವಾಗ ಆದ ಪೆಟ್ಟು ಎಂದುಕೊಂಡಿದ್ದರು. 1981ರಲ್ಲಿ 36ನೆಯ ವಯಸ್ಸಿಗೆ ತೀರಿಕೊಂಡರು. ಅಂಗಾಲಿನ ಮೆಲನೋಮದಲ್ಲಿ ಜೀನುಗಳ ಚಿತ್ರವೂ ಬೇರೆ. ಚೀನಾದ ರೋಗಿಗಳಲ್ಲಿ ಬಿರಾಫ್ ಬದಲಾವಣೆ ಕಂಡದ್ದು ಕಾಲು ಭಾಗದಷ್ಟು ಜನರಲ್ಲಿ ಮಾತ್ರ. ಕಿಟ್ ಎಂಬ ಇನ್ನೊಂದು ಜೀನಿನ ಬದಲಾವಣೆ ಅಂಗಾಲಿನ ಗಡ್ಡೆಗಳಲ್ಲಿ ಹೆಚ್ಚು. ಬೇರೆಯವರ ಕಾಲಿಗೆ ಅಳತೆ ತೆಗೆದು ಹೊಲಿದ ಚಪ್ಪಲಿ ನಮಗೆ ಸರಿಹೋಗುತ್ತದೆಂದು ಹೇಳಲಾಗದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 10,000 ಭಾರತೀಯರ ಜೀನುಗಳನ್ನು ಓದುವ ಕೆಲಸ ನಡೆದು, 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆಯಿತು. ಅದು ಒಳ್ಳೆಯ ಬುನಾದಿ. ಅದರ ಮೇಲೆ ನಮ್ಮ ರೋಗಿಗಳ ಗಡ್ಡೆಗಳ ಅಧ್ಯಯನ ಆಗಬೇಕು. ಬಯೋಟೆಕ್ನಾಲಜಿ ಓದುವ ನಮ್ಮ ಹುಡುಗ ಹುಡುಗಿಯರು ಏಕೆ ಆ ಕೆಲಸಕ್ಕೆ ಕೈ ಹಾಕಬಾರದು?

ನೀರಿನ ಪಾಠ

ಚರ್ಮದ ಕ್ಯಾನ್ಸರ್ ನಮಗೆ ದೂರದ ವಿಷಯವೂ ಅಲ್ಲ. ಹಿಂದೆ ನಮ್ಮ ಜಿಲ್ಲೆಗೆ ಸೇರಿದ್ದು ಈಗ ಯಾದಗಿರಿ ಜಿಲ್ಲೆಯಲ್ಲಿರುವ ಸುರಪುರದ ಕಡೆಯ ಕಿರದಳ್ಳಿ ತಾಂಡಾ, ಹಳೆಯ ಚಿನ್ನದ ಗಣಿಗಳ ಪ್ರದೇಶ. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಮಿತಿಗಿಂತ ಹೆಚ್ಚಿದೆ, ಪರೀಕ್ಷೆಗೆ ಬಂದ ಅರ್ಧಕ್ಕಿಂತ ಹೆಚ್ಚು ಜನರ ಚರ್ಮದಲ್ಲಿ ಅದರ ಲಕ್ಷಣಗಳಿವೆ ಎಂದು 2013ರಲ್ಲಿ ಅಧ್ಯಯನವೊಂದು ಪ್ರಕಟವಾಯಿತು. ಆರ್ಸೆನಿಕ್‌ನಿಂದ ಬರುವುದು ಮೆಲನೋಮಕ್ಕಿಂತ ಬೇರೆ ಬಗೆಯ ಚರ್ಮದ ಕ್ಯಾನ್ಸರ್. ಒಂದೇ ಬಾವಿಯ ನೀರು ಕುಡಿದರೂ ಕೆಲವರಿಗೆ ಹೆಚ್ಚು ತೊಂದರೆ ಏಕೆ ಎಂಬುದಕ್ಕೆ ಬಾಂಗ್ಲಾದೇಶದ ಸಂಶೋಧನೆಯಲ್ಲಿ ಜೀನುಗಳ ವ್ಯತ್ಯಾಸವೂ ಒಂದು ಕಾರಣವೆಂದು ಕಂಡಿತು. ಆದರೆ ತಾಂಡಾದ ಜನರಿಗೆ ಮೊದಲು ಬೇಕಾದದ್ದು ಶುದ್ಧ ನೀರು. ಜೀನುಗಳ ಪರೀಕ್ಷೆ ಆಮೇಲಿನ ಮಾತು.

ನೀವು ಮಾಡಬೇಕಾದದ್ದು

ಇಂದು ಮನೆಗೆ ಹೋದ ಮೇಲೆ ನಿಮ್ಮ ಅಮ್ಮಿ, ಅಬ್ಬಾ, ದಾದಿಯವರ ಅಂಗಾಲು ನೋಡಿ. ದೊಡ್ಡದಾಗುತ್ತಿರುವ ಕರಿ ಮಚ್ಚೆ, ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ, ವಾಸಿಯಾಗದ ಹುಣ್ಣು ಕಂಡರೆ ನೋವಿಲ್ಲವೆಂದು ಬಿಡಬೇಡಿ. ಕಮಲಾಪುರದಿಂದ ಕಲಬುರಗಿ ಒಂದು ಗಂಟೆಯ ದಾರಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಪ್ರಾದೇಶಿಕ ಕೇಂದ್ರ ನಮ್ಮ ಊರಿನಲ್ಲೇ ಇದೆ. ಗಡ್ಡೆಯ ಚೂರು ತೆಗೆದಾಗ ಅದನ್ನು ಮೇಣದಲ್ಲಿ ಹುದುಗಿಸಿ ಇಡುತ್ತಾರೆ. ಅದನ್ನೂ ವರದಿಯನ್ನೂ ಜೋಪಾನ ಮಾಡಿಸಿ. ಮುಂದೆ ಜೀನುಗಳ ಪರೀಕ್ಷೆ ಬೇಕಾದರೆ ಅದೇ ಚೂರು ಉಪಯೋಗಕ್ಕೆ ಬರುತ್ತದೆ.

ಆಯುಷ್ಯದ ಬಗ್ಗೆ ನಮ್ಮ ಹಿರಿಯರು ಆಡಿದ ಮಾತು ಸುಳ್ಳಲ್ಲ. ಡಾಕ್ಟರರೂ ಅದನ್ನೇ ಬೇರೆ ರೀತಿಯಲ್ಲಿ ಹೇಳಿದ್ದರು. ನೂರು ಮಂದಿಯ ಲೆಕ್ಕ ಮನುಷ್ಯರಿಗೆ ಸಿಗುತ್ತದೆ, ಒಬ್ಬನ ದಿನ ಯಾರಿಗೂ ಗೊತ್ತಿಲ್ಲ. ಆದರೆ ಆ ಲೆಕ್ಕ ಇರುವುದು ದಿನ ಎಣಿಸುವುದಕ್ಕಲ್ಲ, ಯಾವ ಚಿಕಿತ್ಸೆ, ಯಾವಾಗ ಎಂದು ತಿಳಿಯುವುದಕ್ಕೆ. ಮಾಮು ಅವರ ಹಿಮ್ಮಡಿಯನ್ನು ನಾವು ಒಂದು ವರ್ಷ ಮೊದಲೇ ನೋಡಬಹುದಿತ್ತು. ನಾನು ಜೀವಶಾಸ್ತ್ರ ಓದಿದವನು, ಆದರೂ ನೋಡಲಿಲ್ಲ. ನೀವು ನೋಡಿ.