ಎದುರುಗಡೆ ಇನ್ನೊಂದು ಕಾಫಿ ಅಂಗಡಿ ಬಂದಾಗ



ಬೆಂಗಳೂರಿನ ಬಸವನಗುಡಿಯಾಗಲಿ, ಮೈಸೂರಿನ ಸರಸ್ವತೀಪುರವಾಗಲಿ, ಹಾಸನದ ಯಾವುದೋ ಒಂದು ಬೀದಿಯಾಗಲಿ, ಅಲ್ಲೊಂದು ಪುಟ್ಟ ಕಾಫಿ ಅಂಗಡಿ ಇರುತ್ತದೆ. ಒಂದು ಬಾಯ್ಲರ್, ಎರಡು ಫಿಲ್ಟರ್, ನಿಂತು ಕುಡಿಯಲು ಒಂದಿಷ್ಟು ಜಾಗ. ವರ್ಷಗಳಿಂದ ಒಂದು ಕುಟುಂಬದ ಅನ್ನ ಅದರಲ್ಲೇ ಹುಟ್ಟಿದೆ. ಒಂದು ದಿನ ಎದುರುಗಡೆ ಗಾಜಿನ ಬಾಗಿಲು, ಹೊಳೆಯುವ ಬೋರ್ಡು, ಆರಂಭದ ರಿಯಾಯಿತಿಯೊಂದಿಗೆ ಇನ್ನೊಂದು ಅಂಗಡಿ ತೆರೆಯುತ್ತದೆ. ವಾರ ಕಳೆಯುವಷ್ಟರಲ್ಲಿ ಹಳೆಯ ಅಂಗಡಿಯ ಗಲ್ಲಾಪೆಟ್ಟಿಗೆ ಹಗುರಾಗುತ್ತದೆ. ಆಗ ಅದರ ಮಾಲೀಕರು ಏನು ಮಾಡಬೇಕು? ಇವತ್ತಿನ ನನ್ನ ಮಾತು ಅವರಿಗಾಗಿ.

ಸಾಮಾನ್ಯವಾಗಿ ಮೊದಲು ಕೈ ಹೋಗುವುದು ದರಪಟ್ಟಿಗೆ. ಒಂದು ಲೆಕ್ಕ ಹಾಕಿ ನೋಡೋಣ. ಲೋಟ ಕಾಫಿಗೆ 20 ರೂಪಾಯಿ ಎಂದಿಟ್ಟುಕೊಳ್ಳಿ. ಪುಡಿ, ಹಾಲು, ಸಕ್ಕರೆ, ಗ್ಯಾಸು ಎಲ್ಲ ಸೇರಿ 9 ರೂಪಾಯಿ ಖರ್ಚು ಬಿದ್ದರೆ ಉಳಿಯುವುದು 11. ದಿನಕ್ಕೆ 300 ಲೋಟ ಹೋದರೆ 3,300 ರೂಪಾಯಿ. ಬಾಡಿಗೆ, ಸಂಬಳ, ಕರೆಂಟು, ಮನೆ ಖರ್ಚು ಎಲ್ಲವೂ ಅಷ್ಟರಲ್ಲೇ ಆಗಬೇಕು. ದರವನ್ನು 17ಕ್ಕೆ ಇಳಿಸಿದರೆ ಲೋಟಕ್ಕೆ ಉಳಿಯುವುದು 8 ರೂಪಾಯಿ. ಮೊದಲಿನಷ್ಟೇ ಹಣ ಕೈಗೆ ಹತ್ತಬೇಕಾದರೆ 413 ಲೋಟ ಮಾರಬೇಕು. ಗಿರಾಕಿ ಕಡಿಮೆಯಾದರೆಂದು ದರ ಇಳಿಸಿದವರು, ಗಿರಾಕಿ ತುಂಬಿದ್ದ ಕಾಲಕ್ಕಿಂತಲೂ ನೂರಕ್ಕೂ ಹೆಚ್ಚು ಲೋಟ ಜಾಸ್ತಿ ಮಾರಬೇಕಾಗಿ ಬರುತ್ತದೆ! ಅತ್ತ ಖರ್ಚೂ ಸುಮ್ಮನೆ ಕೂತಿಲ್ಲ. 2025ರ ಫೆಬ್ರವರಿಯಲ್ಲಿ ಅರೇಬಿಕಾ ಬೀಜದ ಬೆಲೆ ಜಾಗತಿಕ ಮಾರುಕಟ್ಟೆಯಲ್ಲಿ ದಾಖಲೆ ಮುಟ್ಟಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಹೊಸ ಅಂಗಡಿಯವರ ಹಿಂದೆ ದೊಡ್ಡ ಬಂಡವಾಳವಿದ್ದರೆ ಅವರು ಆರು ತಿಂಗಳು ನಷ್ಟ ತಾಳಿಕೊಳ್ಳಬಲ್ಲರು. ಹಳೆಯ ಅಂಗಡಿಯವರಿಗೆ ಒಂದು ತಿಂಗಳೂ ಕಷ್ಟ.

ದರ ಬಿಟ್ಟರೆ ಮುಂದಿನ ಯೋಚನೆ ಪಟ್ಟಿ ಉದ್ದ ಮಾಡುವುದು. ಅಲ್ಲಿ ಕೋಲ್ಡ್ ಕಾಫಿ ಇದೆ, ನಾವೂ ಇಡೋಣ. ಅಲ್ಲಿ ಸ್ಯಾಂಡ್‌ವಿಚ್ ಹೋಗುತ್ತಿದೆ, ನಾವೂ ಮಾಡೋಣ. ಈ ಸೆಳೆತ ಹೊಸದೇನಲ್ಲ. ಹೆರಾಲ್ಡ್ ಹೊಟೆಲಿಂಗ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1929ರಲ್ಲೇ ಇದರ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧ ಬರೆದರು. ಒಂದೇ ಬೀದಿಯ ಇಬ್ಬರು ವ್ಯಾಪಾರಿಗಳು ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಸೆಳೆಯಲು ಹೋಗಿ, ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಪಕ್ಕಪಕ್ಕಕ್ಕೇ ಬಂದು ನಿಲ್ಲುತ್ತಾರೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಜಾಗದ ವಿಷಯದಲ್ಲಿ ಮಾತ್ರವಲ್ಲ, ಸರಕಿನ ವಿಷಯದಲ್ಲೂ ಹಾಗೆಯೇ, ರಾಜಕೀಯ ಪಕ್ಷಗಳ ಮಾತಿನಲ್ಲೂ ಹಾಗೆಯೇ ಎಂದರು. ಇದರಿಂದ ಯಾರಿಗೆ ನಷ್ಟ? ನನ್ನ ಪ್ರಕಾರ, ಎರಡೂ ಅಂಗಡಿ ಒಂದೇ ಥರ ಕಾಣತೊಡಗಿದ ಮೇಲೆ ಗಿರಾಕಿಗೆ ಆರಿಸಲು ಉಳಿಯುವುದು ಕುರ್ಚಿ, ಫ್ಯಾನು ಮತ್ತು ದರ ಮಾತ್ರ. ಆ ಮೂರರಲ್ಲೂ ಸಣ್ಣ ಅಂಗಡಿ ಹಿಂದೆ ಬೀಳುತ್ತದೆ.

ಬೆಂಗಳೂರಿನ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿದ ಅಂಗಡಿ. 1965ರಲ್ಲಿ ಶುರುವಾದದ್ದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಜೊತೆಗೆ ಕಾಫಿ, ಟೀ. ಪಟ್ಟಿ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ. ಇಡ್ಲಿಗೆ ಸಾಂಬಾರ್ ಕೂಡ ಇಲ್ಲ, ಚಟ್ನಿ ಮಾತ್ರ. ಆದರೂ ಜನ ಬೀದಿಯಲ್ಲಿ ತಟ್ಟೆ ಹಿಡಿದು ನಿಂತು ತಿನ್ನುತ್ತಾರೆ. ಸುತ್ತಮುತ್ತ ಎಷ್ಟೋ ಹೋಟೆಲುಗಳು ಬಂದವು, ಹೋದವು. ಪಟ್ಟಿ ಚಿಕ್ಕದಾದಷ್ಟೂ ಪ್ರತಿಯೊಂದರ ಮೇಲೂ ಕಣ್ಣಿಡಬಹುದು, ಉಳಿದು ಹಾಳಾಗುವುದು ಕಡಿಮೆ, ಕೈ ಬೇಗ ಓಡುತ್ತದೆ.

ಗಾಜಿನ ಬಾಗಿಲಿನ ಅಂಗಡಿ ನಿಜವಾಗಿ ಏನನ್ನು ಮಾರುತ್ತದೆ ಎಂಬುದನ್ನೂ ನೋಡಬೇಕು. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಅಲ್ಲಿ ಕಾಫಿಯ ಜೊತೆಗೆ ಇಂಟರ್ನೆಟ್ ಇತ್ತು. ಹುಡುಗರು ಬಂದು ಗಂಟೆಗಟ್ಟಲೆ ಕೂರುತ್ತಿದ್ದರು. ಅಂಥ ಕಡೆ ನಾವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಕೂರುವ ಜಾಗಕ್ಕೆ, ಅಲ್ಲಿ ಕಳೆಯುವ ಹೊತ್ತಿಗೆ. ನಿಂತು ಕುಡಿಯುವ ದರ್ಶಿನಿಯವರು ಮಾರುವುದು ಐದು ನಿಮಿಷದ ಬಿಸಿ ಬಿಸಿ ಕಾಫಿ. ಬೆಳಗ್ಗೆ ಆರಕ್ಕೆ ವಾಕಿಂಗ್ ಮುಗಿಸಿ ಬರುವ ಹಿರಿಯರಿಗೆ, ಬಸ್ಸಿಗೆ ಓಡುವ ಗುಮಾಸ್ತರಿಗೆ, ಹೂವಿನ ಬುಟ್ಟಿ ಇಳಿಸಿದ ಹೆಂಗಸರಿಗೆ ಬೇಕಾದದ್ದು ಅದೇ. ಈ ಜನರನ್ನು ಗಾಜಿನ ಅಂಗಡಿ ಕಿತ್ತುಕೊಳ್ಳಲಾರದು, ಆದರೆ ಒಂದು ಷರತ್ತಿದೆ: ಕಾಫಿ ಚೆನ್ನಾಗಿರಬೇಕು.

ನನ್ನ ಮಾತಿನ ಜೀವ ಇರುವುದು ಇಲ್ಲೇ. ದಿನ ಕಳೆದಂತೆ ಅಂಗಡಿಯ ಕಾಫಿ ಯಾಕೆ ಕೆಡುತ್ತದೆ? ಬೀಜವನ್ನು ಹುರಿದ ಕ್ಷಣದಿಂದಲೇ ಅದರ ಪರಿಮಳ ಹಾರಿಹೋಗತೊಡಗುತ್ತದೆ. ಪುಡಿ ಮಾಡಿದರಂತೂ ಗಾಳಿಗೆ ಒಡ್ಡಿಕೊಳ್ಳುವ ಮೈ ಎಷ್ಟೋ ಪಟ್ಟು ಹೆಚ್ಚುವುದರಿಂದ ಇನ್ನೂ ಬೇಗ ಹೋಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ತಿಂಗಳ ಪುಡಿಯನ್ನು ಒಟ್ಟಿಗೇ ತಂದಿಟ್ಟರೆ ಕೊನೆಯ ವಾರದ ಗಿರಾಕಿಗೆ ಸಿಗುವುದು ಬಣ್ಣ ಮತ್ತು ಕಹಿ. ನಮ್ಮ ಊರುಗಳಲ್ಲಿ ಬೀಜ ಹುರಿದು, ಕಣ್ಣೆದುರೇ ಪುಡಿ ಮಾಡಿಕೊಡುವ ಅಂಗಡಿಗಳು ಇನ್ನೂ ಇವೆ. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70 ಬೆಳೆಯುವ ರಾಜ್ಯ ನಮ್ಮದು. ಕೊಡಗು, ಚಿಕ್ಕಮಗಳೂರು, ಹಾಸನ ನಮ್ಮ ಪಕ್ಕದಲ್ಲೇ ಇವೆ. ಎರಡು ದಿನಕ್ಕೊಮ್ಮೆ ಬೇಕಾದಷ್ಟೇ ಪುಡಿ ತರುವುದು ಸಣ್ಣ ಅಂಗಡಿಗೆ ಸುಲಭ. ನೂರಾರು ಶಾಖೆಗಳಿಗೆ ಒಂದೇ ಗೋದಾಮಿನಿಂದ ಸರಕು ಕಳಿಸುವವರಿಗೆ ಅದು ಆಗದ ಕೆಲಸ.

ಇನ್ನು ಡಿಕಾಕ್ಷನ್. ಬೆಳಗ್ಗೆ ಐದಕ್ಕೆ ಇಳಿಸಿದ್ದನ್ನು ಹನ್ನೊಂದಕ್ಕೆ ಮತ್ತೆ ಒಲೆಯ ಮೇಲಿಟ್ಟು ಕುದಿಸಿದರೆ ಘಮ ಹೋಗಿ ಒಗರು ಉಳಿಯುತ್ತದೆ. ಸ್ವಲ್ಪ ಸ್ವಲ್ಪವೇ, ಗಿರಾಕಿ ಬರುವ ಹೊತ್ತಿಗೆ ಸರಿಯಾಗಿ ಇಳಿಸಬೇಕು. ಇಟ್ಟುಕೊಳ್ಳಲೇಬೇಕಾದರೆ ಬಿಸಿನೀರಿನ ಪಾತ್ರೆಯೊಳಗೆ ಇಡಬೇಕು, ಉರಿಯ ಮೇಲಲ್ಲ. ಎರಡನೇ ಡಿಕಾಕ್ಷನ್ನನ್ನು ಮೊದಲನೆಯದಕ್ಕೆ ಬೆರೆಸುವ ಅಭ್ಯಾಸ ಹತ್ತು ರೂಪಾಯಿ ಉಳಿಸಿ ನೂರು ಗಿರಾಕಿಗಳನ್ನು ಕಳೆಯುತ್ತದೆ. ಹಾಲೂ ಅಷ್ಟೇ, ಮತ್ತೆ ಮತ್ತೆ ಕುದಿಸಿದಷ್ಟೂ ಬೆಂದ ವಾಸನೆ ಹಿಡಿಯುತ್ತದೆ. ನೀರಿನ ಕಡೆ ಮಾತ್ರ ಬಹಳ ಮಂದಿ ಗಮನವನ್ನೇ ಕೊಡುವುದಿಲ್ಲ. ಗಡಸು ನೀರಿನಲ್ಲಿರುವ ಲವಣಗಳು ಕಾಫಿಯ ನವಿರಾದ ಹುಳಿಯನ್ನು ಅಡಗಿಸಿ ರುಚಿಯನ್ನು ಸಪ್ಪೆ ಮಾಡುತ್ತವೆ, ಬಾಯ್ಲರಿನೊಳಗೆ ಬಿಳಿ ಪದರ ಕಟ್ಟುತ್ತವೆ. ಕಾವೇರಿ ನೀರು ನಿಂತು ಬೋರ್‌ವೆಲ್ಲೋ ಟ್ಯಾಂಕರೋ ಬಂದ ದಿನ ಅದೇ ಪುಡಿ, ಅದೇ ಹಾಲು, ಆದರೂ ಕಾಫಿ ಬೇರೆ. ಗಿರಾಕಿಗೆ ಕಾರಣ ಗೊತ್ತಾಗುವುದಿಲ್ಲ. ಇವತ್ತು ಚೆನ್ನಾಗಿಲ್ಲ ಎಂದಷ್ಟೇ ಗೊತ್ತಾಗುತ್ತದೆ.

ಚಿಕೋರಿಯನ್ನು ನಾನು ಬೈಯುವುದಿಲ್ಲ. ಅದು ಡಿಕಾಕ್ಷನ್‌ಗೆ ಮಂದ ಕೊಡುತ್ತದೆ, ಬಣ್ಣ ಕೊಡುತ್ತದೆ. ನಮ್ಮ ನಾಲಿಗೆ ಆ ರುಚಿಗೆ ಒಗ್ಗಿದೆ. ಮಿಶ್ರಣದಲ್ಲಿ ಕನಿಷ್ಠ ಶೇಕಡ 51 ಕಾಫಿ ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆದಿರಬೇಕು ಎಂದು ಕಾನೂನು ಹೇಳುತ್ತದೆ. ಅಂಗಡಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಕಾಫಿಯಲ್ಲಿ ಎಷ್ಟು ಚಿಕೋರಿ, ಯಾವ ಬೀಜ, ಯಾವ ಜಿಲ್ಲೆಯದು ಎಂದು ಗೋಡೆಯ ಮೇಲೆ ಬರೆದು ಹಾಕಲಿ. ಅದಕ್ಕೆ ಕಾಸು ಖರ್ಚಿಲ್ಲ. ಒಮ್ಮೆ ಬರೆದ ಮೇಲೆ ತಪ್ಪಿಸಲೂ ಬರುವುದಿಲ್ಲ.

ರುಚಿಯಷ್ಟೇ ಮುಖ್ಯ ಗಿರಾಕಿಗಳ ಜೊತೆಗಿನ ಒಡನಾಟ. ಅಕ್ಕಪಕ್ಕದ ಮಳಿಗೆಗಳಿಗೆ, ಕಚೇರಿಗಳಿಗೆ ಹನ್ನೊಂದು ಗಂಟೆಗೆ, ನಾಲ್ಕು ಗಂಟೆಗೆ ಫ್ಲಾಸ್ಕಿನಲ್ಲಿ ಕಾಫಿ ಮುಟ್ಟಿಸುವುದು ಹಳೆಯ ಪದ್ಧತಿ. ಅದನ್ನು ಬಿಟ್ಟವರು ಮತ್ತೆ ಶುರು ಮಾಡಬೇಕು. ಯಾರಿಗೆ ಸಕ್ಕರೆ ಕಮ್ಮಿ, ಯಾರಿಗೆ ಸ್ಟ್ರಾಂಗ್, ಯಾವ ಇಬ್ಬರು ಗೆಳೆಯರು ಯಾವಾಗಲೂ ಬೈಟು ಕುಡಿಯುತ್ತಾರೆ ಎಂಬುದು ನಿಮಗೆ ಬಾಯಿಪಾಠವಾಗಿಯೇ ಇರುತ್ತದೆ.

ಕೊನೆಯದಾಗಿ ಕಾಫಿ ಮಾಸ್ಟರ್ ವಿಚಾರ. ಎದುರಿನ ಅಂಗಡಿ ನಿಮ್ಮ ಗಿರಾಕಿಗಳಿಗಿಂತ ಮೊದಲು ನಿಮ್ಮ ಮಾಸ್ಟರನ್ನು ಕರೆಯಬಹುದು. ಮಂದ ಎಷ್ಟು, ಬಿಸಿ ಎಷ್ಟು ಎಂಬ ಕೈಲೆಕ್ಕ ಇರುವುದು ಅವರಲ್ಲಿ. ಖಾಯಂ ಗಿರಾಕಿಗಳು ಅವರ ಮುಖ ನೋಡಿ ಬರುತ್ತಾರೆ. ಗೋಡೆಗೆ ಬಣ್ಣ ಹೊಡೆಸಲು, ಬೋರ್ಡಿಗೆ ದೀಪ ಹಾಕಿಸಲು ತೆಗೆದಿಟ್ಟ ಹಣವಿದ್ದರೆ ಅದನ್ನು ಈ ತಿಂಗಳಿಂದಲೇ ಅವರ ಸಂಬಳಕ್ಕೆ ಸೇರಿಸಿ. ವಾರಕ್ಕೊಂದು ರಜೆ ಕೊಡಿ. ಆ ದಿನದ ಫಿಲ್ಟರಿಗೆ ನೀವೇ ನಿಲ್ಲಿ.